ಬರೆಸುವವರೂ ಬರೆಯುವವರೂ

ಚಿತ್ರವೊಂದನ್ನು ಅಂಗಡಿಯಲ್ಲಿ ಕಂಡು, ಮೆಚ್ಚಿ, ಬೆಲೆ ಕೊಟ್ಟು ಮನೆಗೆ ತರುವುದು ಒಂದು ಬಗೆ. ಇಂಥದೊಂದು ಚಿತ್ರ ಬೇಕೆಂದು ಕಲಾವಿದನಲ್ಲಿ ಕೇಳಿಕೊಂಡು ಬರೆಸುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ವಸ್ತು ಕಣ್ಣೆದುರಿಗೇ ಇದೆ. ಒಲ್ಲೆವೆಂದರೆ ಅಂಗಡಿಯವನು ಅದನ್ನು ಮತ್ತೆ ಗೋಡೆಗೆ ತೂಗುಹಾಕುತ್ತಾನೆ, ಯಾರಿಗೂ ನೋವಿಲ್ಲ. ಎರಡನೆಯದರಲ್ಲಿ ಮಾತು ಕೊಡುವ ಹೊತ್ತಿಗೆ ವಸ್ತುವೇ ಇಲ್ಲ. ಇಬ್ಬರ ಮನಸ್ಸಿನಲ್ಲಿ ಎರಡು ಚಿತ್ರಗಳಿರುತ್ತವೆ. ಆದರೂ ಒಂದನ್ನೇ ಕುರಿತು ಮಾತನಾಡುತ್ತಿದ್ದೇವೆಂದು ಇಬ್ಬರೂ ನಂಬಿರುತ್ತಾರೆ. ಈ ನಂಬಿಕೆಯ ಎರಡು ತುದಿಗಳಲ್ಲಿ ನಿಂತವರ ಹೊಣೆ ಏನೆಂಬುದು ಇಂದಿನ ಭಾಷಣದ ವಿಷಯ. ನಾನು ಚಿತ್ರಕಾರನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಬರೆಸುವವರ ಸಾಲಿನಲ್ಲಿ ಒಮ್ಮೆ ನಿಂತಿದ್ದೆ, ಚೆನ್ನಾಗಿ ನಿಲ್ಲಲಿಲ್ಲ. ಆ ಕಾರಣದಿಂದಲೇ ಈ ವಿಷಯವನ್ನು ಒಪ್ಪಿಕೊಂಡೆ.

ಸುಮಾರು 30 ವರ್ಷಗಳ ಹಿಂದಿನ ಮಾತು. ನಾನಿದ್ದ ಊರಿನ ಕಾಲೇಜಿನಲ್ಲಿ ಬಹುಕಾಲ ಪ್ರಾಂಶುಪಾಲರಾಗಿದ್ದು ನಿವೃತ್ತರಾಗಿದ್ದ ಹಿರಿಯರೊಬ್ಬರು ತೀರಿಕೊಂಡರು. ಅವರದೊಂದು ತೈಲಚಿತ್ರವನ್ನು ಸಭಾಂಗಣದಲ್ಲಿ ಇಡಬೇಕೆಂದು ಹಳೆಯ ವಿದ್ಯಾರ್ಥಿಗಳು ಸಮಿತಿ ಮಾಡಿದರು. ಕನ್ನಡ ಅಧ್ಯಾಪಕನಿಗೆ ಬೇರೇನು ಕೆಲಸವೆಂದು ನನ್ನನ್ನು ಕಾರ್ಯದರ್ಶಿಯಾಗಿಸಿದರು. ಪಕ್ಕದ ಊರಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತರಾದವರೊಬ್ಬರಿದ್ದರು. ಭಾವಚಿತ್ರ ಬರೆಯುವುದರಲ್ಲಿ ಅವರ ಕೈ ಒಳ್ಳೆಯದು. ಅಲ್ಲದೆ ಇಂಟರ್‌ಮೀಡಿಯೆಟ್ ತರಗತಿಯಲ್ಲಿ ಆ ಹಿರಿಯರ ಶಿಷ್ಯರಾಗಿದ್ದವರು. ಅವರ ಮನೆಗೆ ಹೋಗಿ ಒಂದು ಚಿಕ್ಕ ಫೋಟೋವನ್ನೂ ಅಧ್ಯಾಪಕ ವರ್ಗದ ಗ್ರೂಪ್ ಫೋಟೋವೊಂದನ್ನೂ ಕೊಟ್ಟೆವು. ಹಣದ ಮಾತು ಬಂದಾಗ ನಾನು, “ನಿಮ್ಮ ಗುರುಗಳದೇ ಚಿತ್ರ, ನಾವೇನು ಹೇಳುವುದು ಮೇಷ್ಟ್ರೇ, ನಿಮಗೆ ಅನ್ಯಾಯವಾಗುವುದಿಲ್ಲ” ಎಂದೆ. ಅವರು, “ಗುರುಗಳ ಕೆಲಸಕ್ಕೆ ಬೆಲೆ ಕಟ್ಟುವುದುಂಟೆ, ತಮಗೆ ತೋಚಿದ್ದು ಕೊಡಿ” ಎಂದರು. ಎರಡು ಮಾತೂ ಕೇಳುವುದಕ್ಕೆ ಎಷ್ಟು ಸೊಗಸು! ಕಾಫಿ ಕುಡಿದು ಎದ್ದು ಬಂದೆವು.

ಮುಂದೇನಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮುನ್ನ, ಇಂಥದೇ ಸೊಗಸಾದ ಅಸ್ಪಷ್ಟತೆಯಿಂದ ಹುಟ್ಟಿದ, ನಮ್ಮದಕ್ಕಿಂತ ಬಹಳ ದೊಡ್ಡ ಜಗಳವೊಂದನ್ನು ನೆನೆಯಬೇಕು. ಅದು ನಡೆದದ್ದು ಲಂಡನ್ನಿನಲ್ಲಿ.

ಜೇಮ್ಸ್ ವಿಸ್ಲರ್ ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಚಿತ್ರಕಾರ. ಫ್ರೆಡರಿಕ್ ಲೇಲ್ಯಾಂಡ್ ಲಿವರ್‌ಪೂಲಿನ ಹಡಗುಗಳ ಒಡೆಯ, ವಿಸ್ಲರನ ಪೋಷಕ, ಸ್ನೇಹಿತ. ಅವನು ಲಂಡನ್ನಿನ ಪ್ರಿನ್ಸಸ್ ಗೇಟಿನಲ್ಲಿ ಮನೆ ಕೊಂಡು, ತಾನು ಸಂಗ್ರಹಿಸಿದ್ದ ಚೀನಾದ ನೀಲಿ-ಬಿಳಿ ಪಿಂಗಾಣಿ ಪಾತ್ರೆಗಳನ್ನು ಇಡಲು ತಕ್ಕಂತೆ ಊಟದ ಕೋಣೆಯನ್ನು ಅಣಿಗೊಳಿಸುವ ಕೆಲಸವನ್ನು ಥಾಮಸ್ ಜೆಕಿಲ್ ಎಂಬ ವಾಸ್ತುಶಿಲ್ಪಿಗೆ ವಹಿಸಿದ. ಜೆಕಿಲ್ ಗೋಡೆಗಳಿಗೆ ಹೂವಿನ ಚಿತ್ತಾರದ ಹಳೆಯ ತೊಗಲನ್ನು ಹೊದಿಸಿ, ಮುಂದೆ ಮರದ ಗೂಡುಗಳನ್ನು ಕಟ್ಟಿಸಿದ. ಬೆಂಕಿಗೂಡಿನ ಮೇಲೆ ವಿಸ್ಲರನೇ ಹಿಂದೆ ಬರೆದಿದ್ದ ಒಂದು ಚಿತ್ರ. ಕೆಲಸ ಪೂರ್ತಿಯಾಗುವ ಮೊದಲೇ ಜೆಕಿಲ್ ಕಾಯಿಲೆ ಬಿದ್ದ. 1876ರಲ್ಲಿ ಅದೇ ಮನೆಯ ಹಜಾರವನ್ನು ಅಲಂಕರಿಸುತ್ತಿದ್ದ ವಿಸ್ಲರ್, ತೊಗಲಿನ ಮೇಲಿನ ಕೆಂಪು ಹೂಗಳು ತನ್ನ ಚಿತ್ರದ ಬಣ್ಣಕ್ಕೆ ಹೊಂದುವುದಿಲ್ಲ, ಅಲ್ಲಲ್ಲಿ ಸ್ವಲ್ಪ ಹಳದಿ ತಾಗಿಸುತ್ತೇನೆ ಎಂದ. ಲೇಲ್ಯಾಂಡ್ ಆಗಲಿ ಎಂದು ಹೇಳಿ ಲಿವರ್‌ಪೂಲಿಗೆ ಹೊರಟುಹೋದ.

ಆ ‘ಆಗಲಿ’ ಎಂಬ ಮಾತಿನ ಉದ್ದವೆಷ್ಟು, ಅಗಲವೆಷ್ಟು? ಬೇಸಿಗೆಯೆಲ್ಲ ವಿಸ್ಲರ್ ದುಡಿದ. ಮಾಳಿಗೆಗೆ ಹೊಂಬಣ್ಣದ ರೇಕು ಹಚ್ಚಿ ಅದರ ಮೇಲೆ ನವಿಲುಗರಿಯ ವಿನ್ಯಾಸ ತುಂಬಿದ. ಕಿಟಕಿಯ ಕದಗಳ ಮೇಲೆ ಬಂಗಾರದ ನವಿಲುಗಳನ್ನು ಬರೆದ. ಯಜಮಾನನಿಲ್ಲದ ಮನೆಗೆ ಸ್ನೇಹಿತರನ್ನೂ ಪತ್ರಿಕೆಯವರನ್ನೂ ಕರೆದು ತೋರಿಸಿದ. ಆಮೇಲೆ 2,000 ಗಿನಿ ಕೇಳಿದ. ಕೇಳಿದ್ದು ಸ್ವಲ್ಪ ಹಳದಿ ತಾಗಿಸುವುದಕ್ಕೆ ಒಪ್ಪಿದ್ದವನನ್ನು! ಲೇಲ್ಯಾಂಡ್ ಕೊಟ್ಟದ್ದು ಅದರ ಅರ್ಧ, ಅದೂ ಗಿನಿಯಲ್ಲಲ್ಲ, ಪೌಂಡಿನಲ್ಲಿ. ಗಿನಿಗೆ 21 ಶಿಲ್ಲಿಂಗ್, ಪೌಂಡಿಗೆ 20. ಕಲಾವಿದರಿಗೆ ಗಿನಿಯ ಲೆಕ್ಕದಲ್ಲಿಯೂ ಕಸುಬಿನವರಿಗೆ ಪೌಂಡಿನ ಲೆಕ್ಕದಲ್ಲಿಯೂ ಸಲ್ಲಿಸುವುದು ಆ ಸಮಾಜದ ರೂಢಿ. ಆ ಒಂದು ಶಿಲ್ಲಿಂಗಿನ ಕೊರತೆಯಲ್ಲಿ, ನೀನು ಕಲಾವಿದನಲ್ಲ, ಗೋಡೆಗೆ ಬಣ್ಣ ಬಳಿಯುವವನು ಎಂಬ ಮಾತು ಅಡಗಿತ್ತು. ವಿಸ್ಲರನಿಗೆ ಹಣದ ನಷ್ಟಕ್ಕಿಂತ ಅದು ಹೆಚ್ಚು ನೋಯಿಸಿರಬೇಕು. ಅವನು ಮತ್ತೆ ಆ ಕೋಣೆಗೆ ಹೋಗಿ ಬೆಲೆಬಾಳುವ ತೊಗಲಿನ ಮೇಲೆಲ್ಲ ಕಡುನೀಲಿ ಬಳಿದ; ತನ್ನ ಚಿತ್ರಕ್ಕೆ ಎದುರಾದ ಗೋಡೆಯ ಮೇಲೆ ಕಾದಾಡುವ ಎರಡು ಬಂಗಾರದ ನವಿಲುಗಳನ್ನು ಬರೆದ. ಅವುಗಳ ಕಾಲ ಬಳಿ ಬೆಳ್ಳಿಯ ನಾಣ್ಯಗಳು ಚೆಲ್ಲಿವೆ. ಆ ಚಿತ್ರಕ್ಕೆ ಅವನು ಕೊಟ್ಟ ಹೆಸರು, ಕಲೆ ಮತ್ತು ಹಣ. 1877ರ ಮೊದಲ ತಿಂಗಳುಗಳಲ್ಲಿ ಕೆಲಸ ಮುಗಿಯಿತು, ಸ್ನೇಹವೂ ಮುಗಿಯಿತು.

ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ವಿಸ್ಲರನ ಪಕ್ಷ. ಪ್ರಾಯದಲ್ಲಿ ನಾನೂ ಅವನ ಪಕ್ಷವೇ. ಅವನು ಮಾಡಿದ ಕೋಣೆ ಅಷ್ಟು ಚೆಲುವಾದದ್ದು. ಅದು ಇಂದು ವಾಷಿಂಗ್ಟನ್ನಿನ ಫ್ರಿಯರ್ ಕಲಾಶಾಲೆಯಲ್ಲಿ ಗೋಡೆ ಗೂಡುಗಳ ಸಮೇತ ಇದೆ. ಆದರೆ ಚೆಲುವಾಗಿದೆ ಎಂಬ ಒಂದೇ ಕಾರಣದಿಂದ, ಕೇಳದೆ ಮಾಡಿದ್ದು ಕೇಳಿ ಮಾಡಿದಂತಾಗುವುದೆ? ಅದು ಅನ್ಯರ ಮನೆ. ಹೊಳೆದದ್ದನ್ನು ಮಾಡುವುದು ಕಲಾವಿದನ ಧರ್ಮವಾದರೆ, ಹೊಳೆದದ್ದನ್ನು ಮಾಡುವ ಮುನ್ನ ಒಂದು ಕಾಗದ ಬರೆಯುವುದೂ ಅವನ ಧರ್ಮ. ಲಂಡನ್ನಿನಿಂದ ಲಿವರ್‌ಪೂಲಿಗೆ ಅಂಚೆ ತಲುಪದ ಕಾಲವೇನಲ್ಲ ಅದು. ಇನ್ನು ಲೇಲ್ಯಾಂಡನ ತಪ್ಪು ಒಂದು ಶಿಲ್ಲಿಂಗಿನದು. ಸಣ್ಣದೆಂದು ನಾನು ಹೇಳಲಾರೆ. ಹಣ ಕಡಿಮೆ ಕೊಡುವುದು ವ್ಯವಹಾರ, ಕಡಿಮೆ ಮಾಡಿ ಕೊಡುವುದು ಅವಮಾನ. ಆದರೂ ಅವನ ಪರವಾಗಿ ಒಂದು ಮಾತು: 1892ರಲ್ಲಿ ಸಾಯುವವರೆಗೂ, ತನ್ನನ್ನೇ ಹಂಗಿಸುವ ಆ ನವಿಲುಗಳನ್ನು ಅವನು ಅಳಿಸಲಿಲ್ಲ. ಇವರಿಬ್ಬರ ಗದ್ದಲದಲ್ಲಿ ಎಲ್ಲರೂ ಮರೆತದ್ದು ಜೆಕಿಲನನ್ನು. ಅವನ ಕೆಲಸವನ್ನು ಮುಚ್ಚುವ ಮುನ್ನ ಅವನನ್ನು ಯಾರೂ ಕೇಳಲಿಲ್ಲ. ಬುದ್ಧಿ ಕೆಟ್ಟು, 1881ರಲ್ಲಿ ಆಸ್ಪತ್ರೆಯಲ್ಲೇ ಅವನು ತೀರಿಕೊಂಡ. ನವಿಲುಗಳನ್ನು ನೋಡಿಯೇ ಹುಚ್ಚನಾದನೆಂಬುದು ಕಟ್ಟುಕಥೆ, ಕಾಯಿಲೆ ಮೊದಲೇ ಇತ್ತು.

ವಿಸ್ಲರ್ ಇದರಿಂದ ಪಾಠ ಕಲಿತನೆ? ಕಲಿತಂತೆ ಕಾಣುವುದಿಲ್ಲ. 1894ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಸರ್ ವಿಲಿಯಂ ಈಡನ್ ಎಂಬ ಶ್ರೀಮಂತ ತನ್ನ ಪತ್ನಿಯ ಚಿಕ್ಕದೊಂದು ಚಿತ್ರವನ್ನು ಅವನಿಂದ ಬರೆಸಿದ. ಈ ದಂಪತಿಗಳ ಮಗನ ಹೆಸರು ನಮ್ಮ ಹಿರಿಯರಿಗೆ ಗೊತ್ತು: 1956ರಲ್ಲಿ ಸೂಯೆಜ್ ಕಾಲುವೆಯ ಗಲಭೆಯಾದಾಗ ಇಂಗ್ಲೆಂಡಿನ ಪ್ರಧಾನಿಯಾಗಿದ್ದ ಆಂಥೊನಿ ಈಡನ್. ಚಿತ್ರದ ಬೆಲೆ 100ರಿಂದ 150 ಗಿನಿಯ ನಡುವೆ ಎಂದು ಮಾತಾಗಿತ್ತು. ‘ನಡುವೆ’! ಚಿತ್ರ ಮುಗಿಯುತ್ತ ಬಂದಾಗ, ಪ್ರೇಮಿಗಳು ಕಾಣಿಕೆ ಕಳುಹಿಸುವ ವ್ಯಾಲೆಂಟೈನ್ ದಿನದಂದು, ಅದೇ ನೆಪದಲ್ಲಿ ಈಡನ್ ಲಕೋಟೆಯೊಂದನ್ನು ಕೊಟ್ಟ. ಒಳಗೆ 100 ಗಿನಿಯ ಚೆಕ್ಕು. ಕಾಣಿಕೆಯ ವೇಷದಲ್ಲಿ ಕನಿಷ್ಠ ಬೆಲೆಯನ್ನು ಸಲ್ಲಿಸುವ ಜಾಣತನ. ವಿಸ್ಲರ್ ಕುಟುಕುವ ಉತ್ತರವೊಂದನ್ನು ಬರೆದು, ಚೆಕ್ಕನ್ನು ನಗದು ಮಾಡಿಕೊಂಡು, ಚಿತ್ರವನ್ನು ಪ್ರದರ್ಶನಕ್ಕಿಟ್ಟು, ಕೊನೆಗೆ ಕೊಡುವುದಿಲ್ಲವೆಂದ. ಕನ್ನಡದಲ್ಲಿ ಮುಂಗಡಕ್ಕೆ ‘ಸಂಚಕಾರ’ ಎಂಬ ಹಳೆಯ ಮಾತುಂಟು. ಅದೇ ಮಾತಿಗೆ ಕೇಡು, ಕುತ್ತು ಎಂಬ ಅರ್ಥವೂ ಉಂಟು. ಒಂದೇ ಶಬ್ದದಲ್ಲಿ ಎರಡು ಅರ್ಥ ಹೇಗೆ ಕೂಡಿದುವೆಂದು ಕೇಳುವವರಿಗೆ ಈಡನ್ನನ ಲಕೋಟೆಯನ್ನು ತೋರಿಸಬಹುದು.

ವ್ಯಾಜ್ಯ ಪ್ಯಾರಿಸ್ಸಿನ ನ್ಯಾಯಾಲಯಕ್ಕೆ ಹೋಯಿತು. ಅಷ್ಟರಲ್ಲಿ ವಿಸ್ಲರ್ ಆ ಮಹಿಳೆಯ ಮುಖವನ್ನು ಅಳಿಸಿ ಅಲ್ಲಿ ಬೇರೊಬ್ಬರ ಮುಖವನ್ನು ಬರೆದಿದ್ದ. 1895ರಲ್ಲಿ ಕೆಳಗಿನ ನ್ಯಾಯಾಲಯ ಚಿತ್ರವನ್ನು ಒಪ್ಪಿಸಲೇಬೇಕೆಂದಿತು. 1897ರಲ್ಲಿ ಮೇಲಿನ ನ್ಯಾಯಾಲಯ ತೀರ್ಪನ್ನು ತಿದ್ದಿತು; 1900ರಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದರ ತಿರುಳು ಹೀಗೆ: ಇದು ಮುಗಿಯಿತು, ಒಪ್ಪಿಸುತ್ತೇನೆ ಎಂದು ಕಲಾವಿದ ಹೇಳುವವರೆಗೆ ಚಿತ್ರ ಅವನದೇ, ಬಲವಂತದಿಂದ ಅವನ ಕೈಯಿಂದ ಕಿತ್ತುಕೊಳ್ಳುವಂತಿಲ್ಲ. ಆದರೆ ಮಾತಿಗೆ ತಪ್ಪಿದ್ದಕ್ಕೆ ಅವನು ಪಡೆದ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕು, 1,000 ಫ್ರಾಂಕ್ ಪರಿಹಾರವನ್ನೂ ಕೊಡಬೇಕು. ಚಿತ್ರದ ಗುರುತು ಸಂಪೂರ್ಣವಾಗಿ ಮಾಯುವವರೆಗೆ ಅದನ್ನು ಯಾವುದಕ್ಕೂ ಬಳಸಕೂಡದು. ನನಗೆ ಈ ತೀರ್ಪಿನಲ್ಲಿ ಬಹಳ ವಿವೇಕ ಕಾಣುತ್ತದೆ. ಕಲಾವಿದನ ಅಂತಃಸಾಕ್ಷಿಗೆ ಅದು ಗೌರವ ಕೊಟ್ಟಿತು, ಆದರೆ ಅಂತಃಸಾಕ್ಷಿಯ ವೆಚ್ಚವನ್ನು ಅವನೇ ಹೊರಬೇಕೆಂದಿತು.

ಇದುವರೆಗೆ ಇಬ್ಬರ ಮಾತಾಯಿತು. ಭಾವಚಿತ್ರದಲ್ಲಿ ಅನೇಕ ವೇಳೆ ಮೂರನೆಯವರೂ ಇರುತ್ತಾರೆ: ಹಣ ಕೊಡುವವರೊಬ್ಬರು, ಬರೆಯುವವರೊಬ್ಬರು, ಚಿತ್ರದಲ್ಲಿ ಕೂರುವವರೊಬ್ಬರು. 1954ರಲ್ಲಿ ಚರ್ಚಿಲ್‌ಗೆ 80 ತುಂಬಿದಾಗ ಬ್ರಿಟಿಷ್ ಪಾರ್ಲಿಮೆಂಟಿನ ಎರಡೂ ಸದನಗಳವರು ಹಣ ಕೂಡಿಸಿ, ಗ್ರಹಾಂ ಸದರ್ಲೆಂಡ್ ಎಂಬ ಪ್ರಸಿದ್ಧ ಚಿತ್ರಕಾರನಿಂದ 1,000 ಗಿನಿಗೆ ಅವರ ಚಿತ್ರ ಬರೆಸಿ ಅರ್ಪಿಸಿದರು. ಕಲಾವಿದ ಕಂಡದ್ದು ಮುಪ್ಪಿನ, ಮೊಂಡುತನದ, ಕುಸಿಯುತ್ತಿರುವ ದೇಹದ ಒಬ್ಬ ಮನುಷ್ಯನನ್ನು. ಚರ್ಚಿಲ್‌ಗೆ ಅದು ಸೇರಲಿಲ್ಲ. ಸಭೆಯಲ್ಲಿ ವ್ಯಂಗ್ಯವಾಡಿ ಸ್ವೀಕರಿಸಿದರು. ಚಿತ್ರ ಹಳ್ಳಿಯ ಮನೆಯನ್ನು ಸೇರಿ ಮತ್ತೆ ಕಾಣಿಸಲಿಲ್ಲ. ಶ್ರೀಮತಿ ಚರ್ಚಿಲ್ ಒಂದೆರಡು ವರ್ಷಗಳೊಳಗೇ ಅದನ್ನು ನಾಶಮಾಡಿಸಿದ್ದರೆಂಬುದು ಆಕೆ ತೀರಿಕೊಂಡ ಮೇಲೆ, 1978ರಲ್ಲಿ ಹೊರಬಿತ್ತು. ಸದರ್ಲೆಂಡ್ ಆಗ ಬದುಕಿದ್ದ. ಅದನ್ನು ಅನಾಗರಿಕ ಕೃತ್ಯವೆಂದ. ಪತಿಯ ನೋವನ್ನು ದಿನವೂ ಕಂಡ ಹೆಂಗಸಿನ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೂ ಅಟ್ಟದ ಮೇಲೆ ಮುಖ ತಿರುಗಿಸಿ ಇಡಬಹುದಾಗಿದ್ದುದನ್ನು ಸುಡಬೇಕಾಗಿತ್ತೆ ಎಂಬ ಪ್ರಶ್ನೆ ಉಳಿದೇ ಇದೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆಂಬುದು ಬರೆಸುವವರಿಗೂ ಬರೆಯುವವರಿಗೂ ತಿಳಿದಿರಬೇಕು. ನನಗೆ ಬಹುಕಾಲ ತಿಳಿದಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದಂತೆ, ಹಣ ಕೊಟ್ಟು ಚಿತ್ರವನ್ನೋ ಭಾವಚಿತ್ರವನ್ನೋ ಬರೆಸಿದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಅದರ ಕೃತಿಸ್ವಾಮ್ಯದ ಮೊದಲ ಒಡೆಯ ಬರೆಸಿದವನೇ. ಆದರೆ 57ನೆಯ ಪ್ರಕರಣ ಇನ್ನೊಂದು ಮಾತನ್ನು ಹೇಳುತ್ತದೆ: ಕೃತಿಸ್ವಾಮ್ಯ ಯಾರದೇ ಆಗಿರಲಿ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕೂ, ತನ್ನ ಮಾನಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೂ ಕರ್ತೃವಿನ ಬಳಿಯೇ ಉಳಿಯುತ್ತವೆ. ಬರೆಸಿದವನು ತನ್ನ ಗೋಡೆಗೆ ಅದನ್ನು ತೂಗುಹಾಕದೆ ಇರಬಹುದು. ಅದರಿಂದ ಕಲಾವಿದನ ಹಕ್ಕಿಗೆ ಭಂಗವಿಲ್ಲ. ಆದರೆ ತನಗೆ ಬೇಕಾದಂತೆ ಅದರ ಅಂಗಭಂಗ ಮಾಡುವಂತಿಲ್ಲ.

ಈ ಹಕ್ಕಿಗಾಗಿ ಹೋರಾಡಿದವರು ಶಿಲ್ಪಿ ಅಮರನಾಥ ಸೆಹಗಲ್. ದೆಹಲಿಯ ವಿಜ್ಞಾನ ಭವನಕ್ಕಾಗಿ 1957ರಲ್ಲಿ ಸರ್ಕಾರವೇ ಅವರಿಂದ ಕಂಚಿನ ಭಿತ್ತಿಶಿಲ್ಪವೊಂದನ್ನು ಮಾಡಿಸಿತು. 140 ಅಡಿ ಉದ್ದ, 40 ಅಡಿ ಎತ್ತರ. ವರ್ಷಗಟ್ಟಲೆ ದುಡಿದ ಕೃತಿ. 1979ರಲ್ಲಿ ಕಟ್ಟಡವನ್ನು ನವೀಕರಿಸುವಾಗ ಶಿಲ್ಪಿಗೆ ಒಂದು ಮಾತನ್ನೂ ಹೇಳದೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ಭಾಗಗಳು ಒಡೆದುವು, ಕೆಲವು ಕಳೆದುಹೋದುವು. ಸೆಹಗಲ್ 1992ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ತೀರ್ಪು ಬಂದಾಗ ಅವರಿಗೆ 80 ದಾಟಿತ್ತು. ಉಳಿದ ಭಾಗಗಳನ್ನು ಅವರಿಗೆ ಹಿಂದಿರುಗಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ನ್ಯಾಯಾಲಯ ಹೇಳಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಶಿಲ್ಪವಿದ್ದ ಗೋಡೆ? 26 ವರ್ಷಗಳು? ಕಾನೂನು ಬರುವುದು ಗಡಿಗೆ ಒಡೆದ ಮೇಲೆ. ಬೋಕಿಗಳನ್ನು ಯಾರಿಗೆಷ್ಟೆಂದು ಅದು ಹಂಚಬಲ್ಲುದು.

ಹೇಳಿ ಮಾಡಿಸಿದ ಕೃತಿಯೆಲ್ಲ ಜಗಳದಲ್ಲಿಯೇ ಮುಗಿಯುತ್ತದೆಂದು ಕೇಳುಗರು ತಿಳಿಯಬಾರದು. ನಮ್ಮ ಆದಿಕವಿಯ ಭಾರತವೇ ಆಶ್ರಯದಾತನಿಗಾಗಿ ಬರೆದದ್ದು. ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸುವ ಹೊಣೆಯನ್ನು ಪಂಪ ಹೊತ್ತ. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದ, ಕೊನೆಯ ಪಟ್ಟಾಭಿಷೇಕವನ್ನೂ ಅವನಿಗೇ ಕಟ್ಟಿದ. ಒಪ್ಪಿಕೊಂಡ ಕೆಲಸದಲ್ಲಿ ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ಆದರೂ ಕರ್ಣನ ಬಳಿಗೆ ಬಂದಾಗ, ನಾಯಕನ ಶತ್ರುವೆಂಬುದನ್ನು ಲೆಕ್ಕಿಸದೆ, ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿಯೇ ತೀರಿದ. ದೊರೆ ಅದನ್ನು ಹೊಡೆದುಹಾಕು ಎನ್ನಲಿಲ್ಲ; ಅಗ್ರಹಾರವನ್ನು ದತ್ತಿ ಕೊಟ್ಟ. ಪಂಪನ ಪ್ರತಿಭೆಯನ್ನು ಹೊಗಳುವಾಗ ಅರಿಕೇಸರಿಯ ಈ ಸುಮ್ಮನಿರುವಿಕೆಯನ್ನು ನಾವು ಎಣಿಸುವುದಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ಆರು ತಿಂಗಳ ಮೇಲೆ ಚಿತ್ರ ಬಂತು. ಮೇಷ್ಟ್ರು ನಾವು ಕೊಟ್ಟ ಫೋಟೋವನ್ನು ಪಕ್ಕಕ್ಕಿಟ್ಟು ತಮ್ಮ ನೆನಪಿನ ಗುರುವನ್ನು ಬರೆದಿದ್ದರು. ಕನ್ನಡಕ ಕೈಯಲ್ಲಿತ್ತು. ಸಂಜೆಯ ಆಯಾಸದ ಮುಖ, ಯಾರದೋ ಕಷ್ಟವನ್ನು ಕೇಳಿಸಿಕೊಳ್ಳುತ್ತಿರುವಂತೆ ಒಂದು ಕಡೆಗೆ ಸ್ವಲ್ಪ ವಾಲಿದ ತಲೆ. ನನಗೆ ಒಮ್ಮೆಗೇ ಗಂಟಲು ಕಟ್ಟಿತು. ಅವರೇ ಬಂದು ಕುಳಿತ ಹಾಗಿತ್ತು. ಹಿರಿಯರ ಮಗ ನೋಡಿ, “ನಮ್ಮ ತಂದೆಯವರು ಹೀಗಿರಲಿಲ್ಲ” ಎಂದರು. ಪೇಟವಿಲ್ಲ, ಶಾಲಿಲ್ಲ, ಪ್ರಾಂಶುಪಾಲರೆಂದು ಯಾರು ಹೇಳುತ್ತಾರೆ ಎಂದರು ಸಮಿತಿಯವರು. ತಿದ್ದಿಕೊಡಿ ಎಂದು ನಾನು ಕೇಳಲು ಹೋದೆ. ಮೇಷ್ಟ್ರು, “ಬೇಡವಾದರೆ ವಾಪಸು ಕೊಡಿ ಸಾರ್, ನನ್ನ ಮನೆಯಲ್ಲಿರುತ್ತಾರೆ” ಎಂದರು. ನಾನು ಆಗ ಹಾಗೆಯೇ ಮಾಡಬೇಕಾಗಿತ್ತು. ಅನಾವರಣದ ದಿನ ಗೊತ್ತಾಗಿತ್ತು, ಆಹ್ವಾನಪತ್ರ ಅಚ್ಚಾಗಿತ್ತು. ಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುವವನನ್ನು ಕರೆಸಿದೆವು. ಎರಡು ದಿನದಲ್ಲಿ ಅವನು ಕಣ್ಣಿಗೆ ಕನ್ನಡಕ, ತಲೆಗೆ ಜರಿಯ ಪೇಟ, ತುಟಿಗೆ ಒಂದು ನಗು, ಎಲ್ಲವನ್ನೂ ಕೂರಿಸಿದ. ಮೇಷ್ಟರಿಗೆ ಬಟ್ಟೆ, ಬಣ್ಣ, ಚೌಕಟ್ಟಿನ ಖರ್ಚಿನ ಮೇಲೆ ಒಂದಿಷ್ಟು ಸೇರಿಸಿ ಕೊಡುವುದೆಂದು ಸಮಿತಿ ತೀರ್ಮಾನಿಸಿತು. ಆ ವೋಚರಿಗೆ ರುಜು ಮಾಡಿದವನು ನಾನು.

ಅವರ ಕಡೆಯಿಂದ ಒಂದು ಲೋಪವಾಗಿತ್ತೆಂಬುದನ್ನೂ ಹೇಳಬೇಕು. ಫೋಟೋದಂತಲ್ಲ, ನೆನಪಿನಂತೆ ಬರೆಯುತ್ತೇನೆಂದು ಮೊದಲೇ ಹೇಳಬಹುದಾಗಿತ್ತು. ಬಣ್ಣ ಹಾಕುವ ಮುನ್ನ ಪೆನ್ಸಿಲ್ಲಿನ ಕರಡನ್ನು ತೋರಿಸಬಹುದಾಗಿತ್ತು. ದಾಕ್ಷಿಣ್ಯ ಅವರಿಗೂ ಇತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತೇವೆ. ಇಲ್ಲಿ ಬಾಯಿ ಬಿಡದೆ ಬಣ್ಣಗೆಟ್ಟಿತು. ಅನಾವರಣಕ್ಕೆ ಅವರು ಬಂದರು, ಹಿಂದಿನ ಸಾಲಿನಲ್ಲಿ ಕುಳಿತು ನೋಡಿದರು, ಊಟಕ್ಕೆ ನಿಲ್ಲದೆ ಹೋದರು. ವಾರದ ಮೇಲೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಹಣದ ಪ್ರಸ್ತಾಪ ಅದರಲ್ಲಿರಲಿಲ್ಲ. ಚಿತ್ರದ ಮೂಲೆಯಲ್ಲಿರುವ ತಮ್ಮ ರುಜುವನ್ನು ದಯಮಾಡಿ ಅಳಿಸಿಸಬೇಕೆಂದು ಕೇಳಿಕೊಂಡಿದ್ದರು. ಅದನ್ನು ಅಳಿಸುವುದಕ್ಕೂ ಆ ಬೋರ್ಡಿನವನನ್ನೇ ಕರೆಯಬೇಕಾಯಿತು. ನಾನು ಕಾರ್ಡಿಗೆ ಉತ್ತರ ಬರೆಯಲಿಲ್ಲ. ಏನು ಬರೆಯುವುದೆಂದು ಯೋಚಿಸುತ್ತ ನಾಲ್ಕೈದು ವರ್ಷ ಕಳೆಯಿತು, ಅಷ್ಟರಲ್ಲಿ ಅವರೂ ಹೋದರು.

ಕಳೆದ ವರ್ಷ ನಮ್ಮ ಬಡಾವಣೆಯವರು ಗ್ರಂಥಾಲಯದ ಮುಂದೆ ದಾನಿಯೊಬ್ಬರ ಎದೆಮಟ್ಟದ ಪ್ರತಿಮೆ ನಿಲ್ಲಿಸಲು ಹೊರಟು, ನನ್ನನ್ನು ಸಮಿತಿಗೆ ಕರೆದರು. ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದಾದರೆ ಬರುತ್ತೇನೆಂದೆ. “ಕಲಾವಿದರ ಮುಂದೆ ಕಾಗದ ಪತ್ರ ಎಂದರೆ ಚೆನ್ನಾಗಿರುತ್ತದೆಯೆ ಸಾರ್?” ಎಂದರು ತರುಣರೊಬ್ಬರು. ಚೆನ್ನಾಗಿರುವುದಿಲ್ಲ, ಆದರೂ ಬರೆಯೋಣ ಎಂದು ನಾನೇ ಬರೆದೆ: ಬೆಲೆ ಎಷ್ಟು, ಮುಂಗಡ ಎಷ್ಟು, ಉಳಿದದ್ದು ಯಾವಾಗ, ಫೋಟೋದ ಹೋಲಿಕೆ ಮುಖ್ಯವೋ ಶಿಲ್ಪಿಯ ಕಲ್ಪನೆಗೆ ಎಡೆಯುಂಟೋ, ಮಣ್ಣಿನ ಮಾದರಿಯನ್ನು ಯಾವಾಗ ತೋರಿಸುವುದು, ಅದಾದ ಮೇಲೆ ಬದಲಾವಣೆ ಕೇಳಿದರೆ ಅದರ ವೆಚ್ಚ ಯಾರದು, ಒಪ್ಪಿಗೆಯಾಗದೆ ಹೋದರೆ ಮುಂಗಡದಲ್ಲಿ ಎಷ್ಟು ಶಿಲ್ಪಿಗೆ ಉಳಿಯುತ್ತದೆ, ಒಪ್ಪಿಸಿದ ಮೇಲೆ ಅವರನ್ನು ಕೇಳದೆ ಬೇರೆ ಯಾರೂ ಪ್ರತಿಮೆಗೆ ಕೈ ಹಚ್ಚಬಾರದು, ಅವರ ಹೆಸರು ಪೀಠದ ಮೇಲೆ ಎಲ್ಲಿರಬೇಕು. ಶಿಲ್ಪಿ ತರುಣ, ನನ್ನ ಮೊಮ್ಮಗನಿಗಿಂತ ಸ್ವಲ್ಪ ದೊಡ್ಡವನು. ಹಾಳೆಯನ್ನು ಎರಡು ಸಲ ಓದಿ, ಲೇಖನಿ ಕೇಳಿ ತೆಗೆದುಕೊಂಡು ಕೆಳಗೆ ತನ್ನ ಕೈಯಿಂದ ಒಂದು ಸಾಲು ಸೇರಿಸಿದ: ಮಾದರಿಯನ್ನು ನೋಡಿ ಹೌದು ಅಥವಾ ಅಲ್ಲ ಎನ್ನಬೇಕಾದವರು ಸಮಿತಿಯಲ್ಲ, ಒಬ್ಬರು, ಅವರ ಹೆಸರನ್ನು ಇಲ್ಲಿ ಬರೆಯತಕ್ಕದ್ದು. ಎಲ್ಲರೂ ನನ್ನ ಮುಖ ನೋಡಿದರು. ನಾನು ನನ್ನ ಹೆಸರು ಬರೆದೆ.